ಮಿರಗದ ನೀಹಾರಿಕೆ ಬಿಡಿಸಿದೆ, ಹೂಕೋಸಾಗಿ ಬಂತು. ಎಲ್ಲಿ ತಪ್ಪಿದ್ದೇನೆ?

ಗಂಗಾವತಿ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 46. ಚಿತ್ರಕ್ಕೂ ನನಗೂ ಮೊದಲಿನಿಂದ ಆಗಿಬರುವುದಿಲ್ಲ. ಏಳನೇ ಕ್ಲಾಸಿನಲ್ಲಿ ಆಕಳು ಬಿಡಿಸಿದಾಗ ಮೇಷ್ಟ್ರು "ಇದು ಕೂತಿದೆಯೋ ನಿಂತಿದೆಯೋ?" ಅಂತ ಕೇಳಿದ್ದರು. ಮೊದಲೇ ಹೇಳಿಬಿಟ್ಟೆ, ಆಮೇಲೆ ಯಾರೂ ನಗಬಾರದು.

ಹೋದ ವರ್ಷ ಹುಬ್ಬಳ್ಳಿಯ ಒಬ್ಬರಿಂದ 6 ಇಂಚಿನ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಫೋಕಲ್ ಲೆಂಗ್ತ್ 1200 ಮಿಲಿಮೀಟರ್. 25 ಮತ್ತು 10 ಮಿಲಿಮೀಟರಿನ ಎರಡು ಐಪೀಸ್ (ಕಣ್ಣಿಡುವ ಮಸೂರ) ಜೊತೆಗೆ ಬಂದವು. ಅಂದರೆ 48 ಪಟ್ಟು, 120 ಪಟ್ಟು. ಬಸ್ಸಿನಲ್ಲಿ ತರುವಾಗ ಕಂಡಕ್ಟರ್ "ಏನ್ರೀ ಇದು, ಬೋರಿನ ಪೈಪಾ?" ಅಂದು ಲಗೇಜ್ ಟಿಕೆಟ್ ಹರಿದು ಕೊಟ್ಟರು. ಊರಲ್ಲಿ ನಮ್ಮ ಮಾಳಿಗೆ ಮೇಲೆ ಚಂದ್ರ, ಗುರು, ಶನಿ ಬಿಟ್ಟರೆ ಏನೂ ಸರಿಯಾಗಿ ಕಾಣುವುದಿಲ್ಲ. ಸುತ್ತ ಮಿಲ್ಲುಗಳ ಲೈಟು, ಮೇಲಿಂದ ಹೊಟ್ಟಿನ ಧೂಳು.

ಮೊನ್ನೆ ಎಳ್ಳಮಾವಾಸ್ಯೆಗೆ ಹೆಂಡತಿಯ ತವರಿಗೆ ಹೋಗಿದ್ದೆವು, ಕುಷ್ಟಗಿ ಕಡೆಯ ಹಳ್ಳಿ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಎಲ್ಲ ಹೊಡೆದು ಮಲಗುವುದು ಬಿಟ್ಟು, ರಾತ್ರಿ ಮಾವನ ಜೊತೆ ಹೊಲದಲ್ಲೇ ಉಳಿದೆ. ಅವರು ಜೋಳ ಕಾಯಲಿಕ್ಕೆ, ನಾನು ಆಕಾಶ ಕಾಯಲಿಕ್ಕೆ. ದೂರದಲ್ಲಿ ಗಾಳಿ ಫ್ಯಾನುಗಳ ಕೆಂಪು ದೀಪ ಮಿಣಮಿಣ ಅನ್ನುತ್ತಿದ್ದವು. ಅದು ಬಿಟ್ಟರೆ ಕಗ್ಗತ್ತಲು. ಹನ್ನೊಂದರ ಹೊತ್ತಿಗೆ ಮಹಾವ್ಯಾಧ ನೆತ್ತಿ ಹತ್ತಿರ ಬಂದ. ಟೆಲಿಸ್ಕೋಪ್ ತಿರುಗಿಸಿ ಎಂ42 ಇಟ್ಟೆ, ಅದೇ ಮಿರಗದ ನೀಹಾರಿಕೆ. ಯಪ್ಪಾ! ಊರಿನ ಮಾಳಿಗೆ ಮೇಲೆ ಉಗುರಿನಷ್ಟು ಮಸುಕು ಕಾಣುತ್ತಿದ್ದದ್ದು ಇಲ್ಲಿ ರೆಕ್ಕೆ ಬಿಚ್ಚಿಕೊಂಡು ಕೂತಿತ್ತು.

ಮಾವನನ್ನು ಕರೆದು ತೋರಿಸಿದೆ. ಅವರಿಗೆ ನಕ್ಷತ್ರ ಅಂದರೆ ಮಳೆ. ಮಿರಗ ಅಂದರೆ ಬಿತ್ತನೆ. ಸುಮಾರು ಹೊತ್ತು ಕಣ್ಣಿಟ್ಟು ನೋಡಿ, "ಗಾದಿ ಹರದು ಅರಳಿ ಹೊರಗ ಬಂದಂಗ ಐತಿ" ಅಂದರು. ಹೋಗಿ ಕಂಬಳಿ ಹೊದ್ದು ಮಲಗಿದರು.

ನನಗೆ ಅದನ್ನು ಬಿಡಿಸಬೇಕು ಅನ್ನಿಸಿತು. ಜೊತೆಗಿದ್ದ ಡೇ ಬುಕ್ಕಿನ ಕೊನೆಯ ಖಾಲಿ ಹಾಳೆಯ ಮೇಲೆ ಹೆಂಡತಿಯ ಬಳೆ ಇಟ್ಟು ಸುತ್ತು ಹಾಕಿದೆ. ಅಡ್ಡಳತೆ 65 ಮಿಲಿಮೀಟರ್ (ಸ್ಕೇಲಿನಿಂದ ಅಳೆದೆ, ಚಟ). ಫೋನಿನ ಬೆಳಕಲ್ಲಿ ಅರ್ಧ ಗಂಟೆ ಒದ್ದಾಡಿದೆ. ಬಂದದ್ದು ಈ ಕೆಳಗಿನ ಫೋಟೋ. ನಡುವೆ ನಾಲ್ಕು ದೊಡ್ಡ ಚುಕ್ಕಿ, ಅವೇ ಟ್ರೆಪೀಜಿಯಂ ಅನ್ನುವ ನಕ್ಷತ್ರಗಳು. ಸುತ್ತ ಹೂಕೋಸು. ಅದಕ್ಕೆ ಹೊರಗೆರೆ ಬೇರೆ ಎಳೆದಿದ್ದೇನೆ. ಬೆಳಗ್ಗೆ ಮಗಳು ನೋಡಿ "ಅಪ್ಪಾ, ಇದು ಮೆದುಳಾ?" ಅಂದಳು. ಬಳೆ ಜೋಳದ ಹೊಲದಲ್ಲಿ ಕಳೆದುಹೋಯಿತು, ಅದರ ಕಥೆ ಬೇರೆ.

ಕೇಳಬೇಕಾದದ್ದು ಇಷ್ಟು. ಮಂಜಿನಂಥದ್ದನ್ನು ಪೆನ್ಸಿಲ್‌ನಿಂದ ಹೇಗೆ ಬಿಡಿಸುವುದು? ಫೋಟೋಗಳಲ್ಲಿ ಗುಲಾಬಿ ಬಣ್ಣ ಇರುತ್ತದಲ್ಲ, ನನಗೆ ಬರೀ ಬೂದಿ ಕಂಡಿತು. ಕನ್ನಡಿ ಕೆಟ್ಟಿದೆಯಾ? ಮತ್ತೆ, ಚಿತ್ರ ಬರದವನು ಇದನ್ನೆಲ್ಲ ಮಾಡಬಹುದಾ, ಸುಮ್ನೆ ಬಿಡುವುದೇ ವಾಸಿಯಾ?

ಬಳ್ಳಾರಿ ರಾತ್ರಿಹಕ್ಕಿ

ಅಂಕಲ್, ಬೇಜಾರು ಮಾಡ್ಕೋಬೇಡಿ. ಈ ಕಾಲದಲ್ಲಿ ಪೆನ್ಸಿಲ್ ಯಾಕೆ? ನನ್ನ ಹತ್ತಿರ 50 ಮಿಲಿಮೀಟರಿನ ಚಿಕ್ಕ ಸ್ಮಾರ್ಟ್ ಟೆಲಿಸ್ಕೋಪ್ ಇದೆ. ಬಳ್ಳಾರಿ ಊರೊಳಗೆ, ಹಾಸ್ಟೆಲ್ ಟೆರೇಸ್ ಮೇಲೆ ಇಟ್ಟು ಫೋನಿನಲ್ಲಿ ಒತ್ತಿದರೆ ಆಯ್ತು. ಹತ್ತು ಹತ್ತು ಸೆಕೆಂಡಿನ ಫೋಟೋ ತೆಗೆದು ತಾನೇ ಒಂದರ ಮೇಲೊಂದು ಪೇರಿಸುತ್ತದೆ. ಇಪ್ಪತ್ತು ನಿಮಿಷಕ್ಕೆ ಗುಲಾಬಿ ಬಣ್ಣ, ರೆಕ್ಕೆ, ಎಲ್ಲ ಬರುತ್ತದೆ. ನಾನು ಅಷ್ಟರಲ್ಲಿ ಕೆಳಗೆ ಹೋಗಿ ಊಟ ಮುಗಿಸಿ ಬರುತ್ತೇನೆ.

ಕೊಪ್ಪಳ ಬೋರ್ಡ್ ಪೇಂಟರ್

ಲೆಕ್ಕಿಗ ಸರ್, ನಿಮ್ಮ ಚಿತ್ರ ದೊಡ್ಡದು ಮಾಡಿ ನೋಡಿದೆ. ಕೈ ಕೆಟ್ಟದ್ದೇನಲ್ಲ. ತಪ್ಪಿರುವುದು ಅಳತೆ. ಲೆಕ್ಕದವರು ಅಂದಿರಲ್ಲ, ನಿಮಗೆ ಲೆಕ್ಕದಲ್ಲೇ ಹೇಳುತ್ತೇನೆ.

ನಿಮ್ಮ 25 ಮಿಲಿಮೀಟರ್ ಐಪೀಸ್ ಮಾಮೂಲಿ ಪ್ಲೊಸಲ್ ಇರಬೇಕು. ಅದರ ತೋರಿಕೆಯ ನೋಟ (ಕಣ್ಣಿಟ್ಟಾಗ ಕಾಣುವ ಸುತ್ತಿನ ಅಗಲ) ಸುಮಾರು 52 ಡಿಗ್ರಿ. 48ರಿಂದ ಭಾಗಿಸಿ. ಆಕಾಶದಲ್ಲಿ ಒಂದು ಡಿಗ್ರಿ ಚಿಲ್ಲರೆ, ಅಂದರೆ 65 ಆರ್ಕ್ ಮಿನಿಟ್ (ಒಂದು ಡಿಗ್ರಿಗೆ 60 ಆರ್ಕ್ ಮಿನಿಟ್). ನಿಮ್ಮ ಬಳೆ 65 ಮಿಲಿಮೀಟರ್. ಬೇಕಂತಲೇ ಹುಡುಕಿದ್ದರೂ ಇಂಥ ಬಳೆ ಸಿಗುತ್ತಿರಲಿಲ್ಲ! ಒಂದು ಮಿಲಿಮೀಟರಿಗೆ ಒಂದು ಆರ್ಕ್ ಮಿನಿಟ್. ಈಗ ಟ್ರೆಪೀಜಿಯಂ ನೋಡಿ. ನಾಲ್ಕೂ ನಕ್ಷತ್ರ ಸೇರಿ ಅದರ ಅಗಲ ಸುಮಾರು 20 ಆರ್ಕ್ ಸೆಕೆಂಡ್. ಒಂದು ಮಿನಿಟಿನ ಮೂರನೇ ಒಂದು ಪಾಲು. ನಿಮ್ಮ ಹಾಳೆ ಮೇಲೆ ಅದು ಮಿಲಿಮೀಟರಿನ ಮೂರನೇ ಒಂದು ಪಾಲು ಇರಬೇಕಿತ್ತು. ನೀವು ಹಾಕಿರುವುದು ಎಂಟು ಮಿಲಿಮೀಟರ್. ಇಪ್ಪತ್ತನಾಲ್ಕು ಪಟ್ಟು ಜಾಸ್ತಿ. ಅದು ಅಷ್ಟು ದೊಡ್ಡದಾದ ಮೇಲೆ ಸುತ್ತಲಿನ ಮಂಜನ್ನೂ ಅದಕ್ಕೆ ತಕ್ಕಂತೆ ಉಬ್ಬಿಸಿದ್ದೀರಿ. ಹೂಕೋಸು ಆಗದೆ ಇನ್ನೇನಾಗುತ್ತದೆ?

ಇದು ಎಲ್ಲರಿಗೂ ಆಗುವುದೇ. ಮನಸ್ಸಿಗೆ ಹಿಡಿಸಿದ್ದು ಹಾಳೆ ಮೇಲೆ ದೊಡ್ಡದಾಗುತ್ತದೆ. ನಾನು ಮೂವತ್ತು ವರ್ಷ ಬೋರ್ಡ್ ಬರೆದಿದ್ದೇನೆ. ಹೊಸ ಹುಡುಗರು "ಶ್ರೀ" ಅಕ್ಷರವನ್ನು ಭಕ್ತಿಯಿಂದ ಇಷ್ಟು ದಪ್ಪ ಬರೆದು, ಕೊನೆಗೆ "ಕಿರಾಣಿ ಅಂಗಡಿ" ಹಿಡಿಸದೆ "ಡಿ" ಅನ್ನು ಮೂಲೆಗೆ ತುರುಕುತ್ತಿದ್ದರು. (ಈಗ ಹುಡುಗರೂ ಇಲ್ಲ, ಬೋರ್ಡೂ ಇಲ್ಲ. ಫ್ಲೆಕ್ಸ್ ಬಂದು ಎಲ್ಲ ತಿಂದು ಹಾಕಿತು. ಲಾರಿ ನಂಬರು, ಶಾಲೆ ಗೋಡೆ, ಜಾತ್ರೆ ಹೊತ್ತಿಗೆ ಒಂದಿಷ್ಟು ಕೆಲಸ. ಅದಕ್ಕೇ ರಾತ್ರಿ ಪುರುಸೊತ್ತು.)

ಮಾಡಬೇಕಾದದ್ದು ಹೀಗೆ. ಮಂಜನ್ನು ಮುಟ್ಟಲೇಬೇಡಿ. ಮೊದಲು ಚುಕ್ಕಿ. ಮನೆ ಮುಂದೆ ರಂಗೋಲಿ ಹಾಕುವವರು ಚುಕ್ಕಿ ಇಟ್ಟುಕೊಂಡೇ ಗೆರೆ ಎಳೆಯುವುದು, ಅಲ್ವಾ? ಸುತ್ತನ್ನು ಗಡಿಯಾರ ಅಂದುಕೊಳ್ಳಿ. ತೀರಾ ಬೆಳಗುವ ನಕ್ಷತ್ರ ಯಾವ ಗಂಟೆಯ ಕಡೆ ಇದೆ, ನಡುವಿನಿಂದ ಅಂಚಿಗೆ ಅರ್ಧ ದಾರಿಯೋ ಮುಕ್ಕಾಲು ದಾರಿಯೋ ನೋಡಿ ಇಡಿ. ಹಾಗೆ ಮೂರು ಇಟ್ಟರೆ ಉಳಿದವೆಲ್ಲ ಆ ಮೂರರ ಲೆಕ್ಕದಲ್ಲಿ ಬರುತ್ತವೆ. ಈ ಎರಡರ ನಡುವೆ ಅದು, ಆ ತ್ರಿಕೋನದ ತುದಿಗೆ ಇದು, ಹೀಗೆ. ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ ಅಲ್ಲೇ ಒಂದು ಸುತ್ತು ತಿರುಗಿಸಿ, ಚುಕ್ಕಿ ಗುಂಡಗೆ ಬರುತ್ತದೆ. ಕುಟ್ಟಬೇಡಿ, ಬಾಲ ಬರುತ್ತದೆ.

ಆಮೇಲೆ ಮಂಜು. ಇದಕ್ಕೆ ಪೇಟೆಯಲ್ಲಿ ಕಾಗದ ಸುತ್ತಿದ ಕಡ್ಡಿ ಮಾರುತ್ತಾರೆ. ನಾನು ಬಳಸುವುದು ಹೂಬತ್ತಿ. ದೇವರ ಮನೆಯದ್ದೇ, ಎಣ್ಣೆ ಹಚ್ಚಿರದ್ದು. 2ಬಿ ಪೆನ್ಸಿಲ್ಲನ್ನು ಸ್ಯಾಂಡ್ ಪೇಪರ್ ಮೇಲೆ ಉಜ್ಜಿ ಪುಡಿಯನ್ನು ಡಬ್ಬಿ ಮುಚ್ಚಳದಲ್ಲಿ ಹಿಡಿಯಿರಿ. ಹೂಬತ್ತಿಯ ಬುಡ ಅದರಲ್ಲಿ ಅದ್ದಿ, ಮೊದಲು ರದ್ದಿ ಕಾಗದದ ಮೇಲೆ ಎರಡು ಸಲ ಒರೆಸಿ, ಆಮೇಲೆ ಹಾಳೆಗೆ ತಾಗಿಸಿ. ಒತ್ತಬೇಡಿ. ಸಣ್ಣ ಕೂಸಿಗೆ ಪೌಡರ್ ಹಚ್ಚುತ್ತೀರಲ್ಲ, ಹಾಗೆ. ಒಂದು ಪದರ ಸಾಲದಿದ್ದರೆ ಇನ್ನೊಂದು. ಹೂಬತ್ತಿಯ ಮೇಲಿನ ಚೂಪು ತುದಿ ಸಣ್ಣ ಎಳೆಗಳಿಗೆ. ಕಪ್ಪು ಸಂದು ಬೇಕಾದ ಕಡೆ, ರಬ್ಬರನ್ನು ಬ್ಲೇಡಿನಿಂದ ಪಾಚರದ ಥರ ಕತ್ತರಿಸಿಕೊಂಡು ಅಂಚಿನಿಂದ ಎತ್ತಿ. ಹೊರಗೆರೆ ಮಾತ್ರ ಬೇಡವೇ ಬೇಡ. ಆಕಾಶದಲ್ಲಿ ಯಾರೂ ಗೆರೆ ಎಳೆದಿಲ್ಲ. ಬಿಳಿ ಹಾಳೆ ಮೇಲೆ ಕಪ್ಪಾಗಿಯೇ ಮುಗಿಸಿ. ಫೋನಿನಲ್ಲಿ ಫೋಟೋ ತೆಗೆದು ಬಣ್ಣ ತಿರುಗಿಸಿದರೆ ಕಪ್ಪು ಆಕಾಶದಲ್ಲಿ ಬಿಳಿ ಮಂಜು ಬಂದುಬಿಡುತ್ತದೆ.

ನಿಮ್ಮ ಮಾವನವರ ಮಾತು ನನಗೆ ಬಹಳ ಹಿಡಿಸಿತು. ಅವರು ಸರಿಯಾಗಿಯೇ ನೋಡಿದ್ದಾರೆ. ಗಾದಿ ಹರಿದಾಗ ಬಟ್ಟೆ ಇರುವ ಕಡೆ ಅಂಚು ಖಡಕ್ ಇರುತ್ತದೆ, ಅರಳೆ ಚೆಲ್ಲಿದ ಕಡೆ ಅಂಚೇ ಇರುವುದಿಲ್ಲ. ಎಂ42 ಹಾಗೇ ಇದೆ. ಟ್ರೆಪೀಜಿಯಂ ಹತ್ತಿರ ಒಂದು ಕಪ್ಪು ಸಂದು ಒಳಗೆ ನುಗ್ಗಿದೆ, ಮೀನಿನ ಬಾಯಿ ಅನ್ನುತ್ತಾರೆ. ಅಲ್ಲಿ ಬೆಳಕು ಕತ್ತರಿಸಿದಂತೆ ನಿಲ್ಲುತ್ತದೆ. ಎದುರು ಕಡೆ ಕರಗುತ್ತಾ ಕರಗುತ್ತಾ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ನೀವು ಸುತ್ತಲೂ ಒಂದೇ ಥರ ಗೆರೆ ಎಳೆದು ಗಾದಿ ಹೊಲಿದುಬಿಟ್ಟಿದ್ದೀರಿ.

ಕನ್ನಡಿ ಕೆಟ್ಟಿಲ್ಲ. ಕತ್ತಲಲ್ಲಿ ನಮಗೆ ಬಣ್ಣ ತೋರಿಸುವ ಶಂಕುಕೋಶಗಳು ಮಲಗುತ್ತವೆ, ದಂಡಕೋಶಗಳು ಮಾತ್ರ ಎದ್ದಿರುತ್ತವೆ. ಅವಕ್ಕೆ ಬಣ್ಣ ಗೊತ್ತಿಲ್ಲ, ಕಡುಗೆಂಪು ಬೆಳಕಂತೂ ಹೆಚ್ಚು ಕಡಿಮೆ ಕಾಣುವುದೇ ಇಲ್ಲ. ಫೋಟೋದ ಗುಲಾಬಿ ಹೈಡ್ರೋಜನ್ನಿನ ಕೆಂಪು ಬೆಳಕು, 656 ನ್ಯಾನೋಮೀಟರ್. ಅದೇ ಕಾರಣಕ್ಕೆ ಕೆಂಪು ಟಾರ್ಚ್ ಹಿಡಿದರೆ ಕತ್ತಲಿಗೆ ಒಗ್ಗಿದ ಕಣ್ಣು ಕೆಡುವುದಿಲ್ಲ. ನೀವು ಫೋನಿನ ಬೆಳಕಲ್ಲಿ ಬಿಡಿಸಿದೆ ಅಂದಿರಿ. ಅಲ್ಲಿಗೆ ಮುಗಿಯಿತು. ಕಣ್ಣು ಒಗ್ಗಲು 20ರಿಂದ 30 ನಿಮಿಷ ಬೇಕು, ಕೆಡಲು ಒಂದು ಕ್ಷಣ. ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಮೂರು ಮಡಿಕೆ ಕಟ್ಟಿ. ಮಂಕಾದದ್ದನ್ನು ನೆಟ್ಟಗೆ ನೋಡಬೇಡಿ, ಓರೆನೋಟದಲ್ಲಿ ನೋಡಿ. ಬಲಗಣ್ಣಾದರೆ ವಸ್ತುವಿನ ಬಲಕ್ಕೆ ದೃಷ್ಟಿ ಇಡಿ. ಎಡಕ್ಕೆ ಇಟ್ಟರೆ ಅದು ಕುರುಡು ಚುಕ್ಕಿಗೆ ಬಿದ್ದು ಮಾಯವಾಗಬಹುದು.

ರಾತ್ರಿಹಕ್ಕಿ ತಮ್ಮಾ, ನೀನು ಹೇಳುವುದು ಸುಳ್ಳಲ್ಲ. ಆದರೆ ನಿನ್ನ ಯಂತ್ರ ನೋಡುವಾಗ ನೀನು ಊಟ ಮಾಡುತ್ತಿದ್ದೆ. ಫೋಟೋ ಇಲ್ಲದ ಕಾಲದಲ್ಲಿ ಇದ್ದದ್ದೇ ಚಿತ್ರ. 1845ರಲ್ಲಿ ಐರ್ಲೆಂಡಿನಲ್ಲಿ ಲಾರ್ಡ್ ರಾಸ್ ತನ್ನ 72 ಇಂಚಿನ ಕನ್ನಡಿಯಲ್ಲಿ ಎಂ51 ಅನ್ನುವ ಗೆಲಾಕ್ಸಿ ನೋಡಿ ಸುರುಳಿ ಬಿಡಿಸಿದ. ಅದಕ್ಕೂ ಮೊದಲು ಅದೇ ಎಂ51 ಅನ್ನು ಜಾನ್ ಹರ್ಷೆಲ್ ಉಂಗುರ ಅಂತ ಬಿಡಿಸಿದ್ದ. ಚಿಕ್ಕ ಕನ್ನಡಿಯಲ್ಲಿ ಅವನಿಗೆ ಕಂಡದ್ದು ಅಷ್ಟು, ಅಷ್ಟನ್ನೇ ಹಾಕಿದ. ನನಗೆ ಆ ಉಂಗುರದ ಮೇಲೂ ಗೌರವ ಇದೆ.

ಯಾಕೆ ಅಂತ ಹೇಳುತ್ತೇನೆ. ನನ್ನದೇ ಕಳ್ಳತನ ಇದು. ಎರಡು ವರ್ಷದ ಹಿಂದೆ ಭಾಗ್ಯನಗರದ ಮಾಳಿಗೆ ಮೇಲಿಂದ ನನ್ನ 8 ಇಂಚಿನಲ್ಲಿ ಎಂ104 ಬಿಡಿಸಿದೆ. ಸೊಂಬ್ರೆರೋ ಗೆಲಾಕ್ಸಿ. ಊರ ಹೊರಗಿನ ಕಾರ್ಖಾನೆಗಳ ಬೆಳಕಿನಲ್ಲಿ ಒಂದು ಉದ್ದನೆಯ ಮಸುಕು ಬಿಟ್ಟು ಏನೂ ಕಾಣಲಿಲ್ಲ. ಆದರೆ ಸಂಜೆ ಫೋಟೋ ನೋಡಿದ್ದೆ. ನಡುವೆ ಧೂಳಿನ ಕಪ್ಪು ಪಟ್ಟಿ ಇದೆ ಅಂತ ಗೊತ್ತಿತ್ತು. ರಬ್ಬರಿನಿಂದ ಪಟ್ಟಿ ಎತ್ತಿದೆ. ಚೆಂದ ಬಂತು. ಹತ್ತು ಜನರಿಗೆ ಕಳಿಸಿದೆ, ಹತ್ತೂ ಜನ "ಸೂಪರ್" ಅಂದರು. ಆರು ತಿಂಗಳ ಮೇಲೆ ಫೈಲ್ ತಿರುವುವಾಗ ಗೊತ್ತಾಯಿತು. ಚಿತ್ರದಲ್ಲಿ ನಾನೇ ಹಾಕಿದ್ದ ದಿಕ್ಕಿನ ಬಾಣದ ಪ್ರಕಾರ ಪಟ್ಟಿ ನಡುವಿನಿಂದ ಉತ್ತರಕ್ಕಿತ್ತು. ಆಕಾಶದಲ್ಲಿ ಅದು ಇರುವುದು ದಕ್ಷಿಣಕ್ಕೆ. ಫೋಟೋದಲ್ಲಿ ಕೆಳಗಿತ್ತು, ನಾನೂ ಕೆಳಗೇ ಹಾಕಿದ್ದೆ. ನನ್ನ ಟೆಲಿಸ್ಕೋಪಿನಲ್ಲಿ ಎಲ್ಲ ತಲೆಕೆಳಗು ಅನ್ನುವುದೇ ಮರೆತುಹೋಗಿತ್ತು. ಕದ್ದದ್ದು ಸಿಕ್ಕಿಬಿತ್ತು. ಅವತ್ತಿನಿಂದ ಬಿಡಿಸುವ ದಿನ ಫೋಟೋ ನೋಡುವುದಿಲ್ಲ.

ಕೊನೆಗೊಂದು ಮಾತು. ನಿಮ್ಮ ಚಿತ್ರದಲ್ಲಿ ಮಂಜಿನ ಪಕ್ಕ, ಮೀನಿನ ಬಾಯಿ ಇರಬೇಕಾದ ಕಡೆಯ ಆಚೆಗೆ, ರಬ್ಬರ್ ಹಾಕಿ ಅಳಿಸಿದ ಗುರುತಿದೆ. ಅಲ್ಲೇನಿತ್ತು?

ಸಿಂಧನೂರು ನೈಟ್ ಡ್ಯೂಟಿ

ನಾನು ನರ್ಸ್. ರಾತ್ರಿ ಎಚ್ಚರ ಇರುವುದು ಅಭ್ಯಾಸ, ರಜೆ ದಿನವೂ ನಿದ್ದೆ ಬರುವುದಿಲ್ಲ. ಟೆಲಿಸ್ಕೋಪ್ ಇಲ್ಲ, 10x50 ಬೈನಾಕ್ಯುಲರ್ ಮಾತ್ರ. ಪೇಂಟರ್ ಅಣ್ಣ ಎಲ್ಲ ಹೇಳಿಬಿಟ್ಟಿದ್ದಾರೆ, ನನ್ನದು ಎರಡು ಮಾತು.

ಒಂದು, ಇಬ್ಬನಿ. ಎರೆ ಹೊಲದಲ್ಲಿ ನಿಮಗೆ ಅಷ್ಟು ಗೊತ್ತಾಗಿಲ್ಲದಿರಬಹುದು. ನಮ್ಮ ಕಡೆ ಸುತ್ತ ಭತ್ತದ ಗದ್ದೆ, ಕಾಲುವೆ ನೀರು. ಹನ್ನೆರಡು ಗಂಟೆಗೆ ಹಾಳೆ ಹಪ್ಪಳದ ಹಿಟ್ಟಿನ ಥರ ಮೆತ್ತಗಾಗುತ್ತದೆ, ಪೆನ್ಸಿಲ್ ಪುಡಿ ಹರಡದೆ ಗಂಟು ಕಟ್ಟುತ್ತದೆ. ಮಕ್ಕಳ ಪರೀಕ್ಷೆ ಪ್ಯಾಡಿಗೆ ಹಾಳೆ ಸಿಕ್ಕಿಸಿ, ಬಿಡಿಸದೆ ಇರುವಾಗ ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿಡಿ. ಐಪೀಸನ್ನು ಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಿ. ಅದರ ಮೇಲೆ ಉಸಿರು ಬಿಡಬೇಡಿ. ಒರೆಸಲಂತೂ ಹೋಗಬೇಡಿ.

ಇನ್ನೊಂದು, ಚಿತ್ರ ಬರದವರು ಮಾಡಬಹುದಾ ಅಂತ ಕೇಳಿದ್ದಿರಿ. ನಾನು ಬಿಡಿಸುವುದು ಬರೀ ಚುಕ್ಕಿ. ಹೋದ ಏಪ್ರಿಲ್‌ನಲ್ಲಿ ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗುಚ್ಛ ನೋಡಿದಾಗ ಹೆಬ್ಬೆರಳಿಗೆ ಪೆನ್ಸಿಲ್ ಪುಡಿ ಹಚ್ಚಿ ಹಾಳೆ ಮೇಲೆ ಒತ್ತಿದೆ, ಅಷ್ಟೇ. ಆಸ್ಪತ್ರೆಯಲ್ಲಿ ದಿನಾ ಹೆಬ್ಬೆಟ್ಟು ಒತ್ತಿಸುತ್ತೇವಲ್ಲ, ಹಾಗೆ. ಬೈನಾಕ್ಯುಲರಿನಲ್ಲಿ ಅದು ಇರುವುದೇ ಹಾಗೆ! ದಕ್ಷಿಣದಲ್ಲಿ 27 ಡಿಗ್ರಿ ಎತ್ತರದವರೆಗೂ ಬರುತ್ತದೆ, ನಮ್ಮ ರಾಯಚೂರು, ಕೊಪ್ಪಳದವರಿಗೆ ಅದು ಪುಣ್ಯ. ಲಂಡನ್ನಿನಲ್ಲಿ ಕೂತವರಿಗೆ ಅದು ಹುಟ್ಟುವುದೇ ಇಲ್ಲ.

ಈ ಸಲ ಒಂದು ತಮಾಷೆ ಆಯಿತು. ದೀಪಾವಳಿ ಮುಗಿದು ಹೊಗೆ ತಿಳಿಯಾದ ಮೇಲೆ ಕೃತ್ತಿಕೆ ಬಿಡಿಸಿದೆ. ಕೆಳಗಡೆಯ ನಕ್ಷತ್ರಗಳನ್ನೂ ಸೇರಿಸಿ ಸುಮಾರು ಇಪ್ಪತ್ತು ಚುಕ್ಕಿ. ಎಳ್ಳಮಾವಾಸ್ಯೆಗೆ ಮತ್ತೆ ಬಿಡಿಸಿದೆ. ಎರಡೂ ಹಾಳೆ ಒಂದರ ಮೇಲೊಂದು ಇಟ್ಟು ಲೈಟಿಗೆ ಹಿಡಿದರೆ ಒಂದು ಚುಕ್ಕಿ ಮಾತ್ರ ಕೂಡುತ್ತಿಲ್ಲ. ಎರಡು ಡಿಗ್ರಿಗೂ ಜಾಸ್ತಿ ಪಶ್ಚಿಮಕ್ಕೆ ಸರಿದಿದೆ. ಡ್ಯೂಟಿಯಲ್ಲಿ ಚಾರ್ಟ್ ತಪ್ಪು ಬರೆದೆನೇನೋ ಅನ್ನುವಂಥ ಭಯ! ಆಮೇಲೆ ನಕ್ಷೆ ತೆಗೆದು ನೋಡಿದರೆ ಅದು ಯುರೇನಸ್. ಈಗ ಕೃತ್ತಿಕೆಯ ಕೆಳಗೇ ಇದೆ. 1690ರಲ್ಲಿ ಇಂಗ್ಲೆಂಡಿನ ಫ್ಲ್ಯಾಮ್‌ಸ್ಟೀಡ್ ಇದನ್ನೇ ನೋಡಿ ನಕ್ಷತ್ರ ಅಂದುಕೊಂಡು ಬರೆದಿಟ್ಟಿದ್ದ, ಅದಕ್ಕೇ 34 ಟೌರಿ (ವೃಷಭ ರಾಶಿಯ 34ನೇ ನಕ್ಷತ್ರ) ಅಂತ ಹೆಸರು. ಗ್ರಹ ಅಂತ ಗೊತ್ತಾಗಿದ್ದು 1781ರಲ್ಲಿ, ವಿಲಿಯಂ ಹರ್ಷೆಲ್‌ಗೆ. ಯುರೇನಸ್ ಒಂದು ಸುತ್ತು ಬರಲು 84 ವರ್ಷ. ನಾಲ್ಕು ಸುತ್ತಿಗೆ 336. ಹೆಚ್ಚು ಕಡಿಮೆ ಅದೇ ಜಾಗಕ್ಕೆ ಮತ್ತೆ ಬಂದಿದೆ, ಈ ಸಲ ಸಿಂಧನೂರಿನಲ್ಲಿ ಒಬ್ಬಳು ಅದನ್ನೇ ನಕ್ಷತ್ರ ಅಂದುಕೊಂಡಳು.

ಗಂಗಾವತಿ ಲೆಕ್ಕಿಗ

ಪೇಂಟರ್ ಅಣ್ಣಾ, 24 ಪಟ್ಟು ಅನ್ನುವುದನ್ನು ಓದಿ ಮಿಲ್ಲಿನಲ್ಲಿ ಕೂತಲ್ಲೇ ನಕ್ಕೆ. ಮಾಲೀಕರು ತಿರುಗಿ ನೋಡಿದರು. ಇಷ್ಟು ದೊಡ್ಡ ವ್ಯತ್ಯಾಸ ನನ್ನ ಖಾತೆಯಲ್ಲಿ ಯಾವತ್ತೂ ಬಂದಿಲ್ಲ. ಸಿಸ್ಟರ್, ನಿಮ್ಮ ಹೆಬ್ಬೆಟ್ಟಿನ ಉಪಾಯ ನನಗೆ ಹೇಳಿ ಮಾಡಿಸಿದಂತಿದೆ. ರಾತ್ರಿಹಕ್ಕಿ, ಅಂಕಲ್ ಅನ್ನುವುದೊಂದು ಬಿಟ್ಟುಬಿಡಪ್ಪಾ.

ಅಳಿಸಿದ ಗುರುತು ಕೇಳಿದಿರಿ. ಅಲ್ಲಿ ದೊಡ್ಡ ಮಂಜಿನಿಂದ ಬೇರೆಯಾಗಿ ಒಂದು ಸಣ್ಣ ಮಸುಕು ಕಂಡಿತ್ತು, ನಡುವೆ ಒಂದು ನಕ್ಷತ್ರ. ಬಿಡಿಸಿದೆ. ಆಮೇಲೆ ಐಪೀಸ್ ಮೇಲೆ ಉಸಿರು ಕಟ್ಟಿರಬೇಕು, ಇಲ್ಲಾ ನನ್ನ ಬೆರಳಿನ ಮಸಿ ಹತ್ತಿರಬೇಕು ಅಂದುಕೊಂಡು ಅಳಿಸಿದೆ.

ಕೊಪ್ಪಳ ಬೋರ್ಡ್ ಪೇಂಟರ್

ಅಯ್ಯೋ ಸರ್! ಅದು ಎಂ43. ಎಂ42ರ ಉತ್ತರಕ್ಕೆ, ಕಪ್ಪು ಸಂದಿನ ಆಚೆ, ಒಂದೇ ನಕ್ಷತ್ರವನ್ನು ಸುತ್ತಿಕೊಂಡಿರುವ ಸಣ್ಣ ಮಂಜು. ಈ "ಎಂ" ನಂಬರುಗಳ ಪಟ್ಟಿ ಮಾಡಿದ ಫ್ರಾನ್ಸಿನ ಮೆಸ್ಸಿಯೇ ಎಂಬಾತ 1769ರಲ್ಲಿ ಅದಕ್ಕೆ ಬೇರೆಯೇ ನಂಬರು ಕೊಟ್ಟಿದ್ದಾನೆ. ನಿಮಗೆ ಹೇಳಿಕೊಟ್ಟವರಿಲ್ಲ, ಫೋಟೋದಲ್ಲಿ ಹುಡುಕಿದವರೂ ಅಲ್ಲ, ನೀವಾಗಿಯೇ ಕಂಡಿದ್ದೀರಿ. ಅದನ್ನು ಅಳಿಸಿ, ಇಲ್ಲದ ಹೊರಗೆರೆ ಉಳಿಸಿಕೊಂಡಿದ್ದೀರಿ!

ಮುಂದಿನ ಸಲ ದಿಕ್ಕೂ ಹಾಕಿ. ಟೆಲಿಸ್ಕೋಪ್ ಮುಟ್ಟದೆ ಬಿಡಿ, ನಕ್ಷತ್ರಗಳು ಯಾವ ಅಂಚಿನಿಂದ ಹೊರಗೆ ಹೋಗುತ್ತವೋ ಅದು ಪಶ್ಚಿಮ. ಆಮೇಲೆ ಕೊಳವೆಯನ್ನು ಧ್ರುವ ನಕ್ಷತ್ರದ ಕಡೆ ಒಂದಿಷ್ಟು ತಳ್ಳಿ. ಹೊಸ ನಕ್ಷತ್ರ ಒಳಗೆ ಬರುವ ಅಂಚು ಉತ್ತರ. ಮಹಾವ್ಯಾಧ ಆಕಾಶದ ನಡುಪಟ್ಟಿಯಲ್ಲೇ ಇರುವುದರಿಂದ ನೋಟದ ಅಗಲವನ್ನೂ ಗಡಿಯಾರದಲ್ಲೇ ಅಳೆಯಬಹುದು. ಒಂದು ನಕ್ಷತ್ರ ನಡುವಿನ ಮೇಲೆ ಹಾದು ಅಂಚಿನಿಂದ ಅಂಚಿಗೆ ಹೋಗಲು ಹಿಡಿದ ನಿಮಿಷವನ್ನು 15ರಿಂದ ಗುಣಿಸಿ, ಆರ್ಕ್ ಮಿನಿಟ್ ಬರುತ್ತದೆ. ನಿಮ್ಮದರಲ್ಲಿ 4 ನಿಮಿಷ 20 ಸೆಕೆಂಡ್ ಆಸುಪಾಸು ಬರಬೇಕು. ಇದು ನಿಮಗೆ ಇಷ್ಟವಾಗುತ್ತದೆ ಅಂತ ಗೊತ್ತು.

ನಾಳೆಯಿಂದ ಗವಿಮಠದ ಜಾತ್ರೆ ಕೆಲಸ. ಉತ್ತರ ತಡವಾದರೆ ತಪ್ಪು ತಿಳಿಯಬೇಡಿ. ಹೇಗೂ ಈಗ ಬೆಳದಿಂಗಳು.

ಬಳ್ಳಾರಿ ರಾತ್ರಿಹಕ್ಕಿ

ಸರ್ (ಅಂಕಲ್ ಅನ್ನಲ್ಲ), ನನ್ನ ಫೋಟೋ ತೆಗೆದು ನೋಡಿದೆ. ಎಂ43 ಇದೆ. ಇಷ್ಟು ದಿನ ಅದನ್ನು ಎಂ42ರದ್ದೇ ಒಂದು ತುಂಡು ಅಂದುಕೊಂಡಿದ್ದೆ. ಟ್ರೆಪೀಜಿಯಂ ಹುಡುಕಿದೆ, ಇಲ್ಲ. ನಡುಭಾಗ ಪೂರ್ತಿ ಬೆಳ್ಳಗೆ ಸುಟ್ಟುಹೋಗಿದೆ. ರೆಕ್ಕೆ ಕಾಣುವಷ್ಟು ಹೊತ್ತು ಬೆಳಕು ಹಿಡಿದರೆ ನಡುವೆ ಏನೂ ಉಳಿಯುವುದಿಲ್ಲ. ಬೇರೆ ಬೇರೆ ಹೊತ್ತಿನ ಫೋಟೋ ತೆಗೆದು ಕೂಡಿಸಬೇಕಂತೆ. ನಿಮಗೆ ಎರಡೂ ಒಟ್ಟಿಗೆ ಕಂಡವಾ? ಪೆನ್ಸಿಲ್ ಹಿಡಿಯಲ್ಲ, ಆದರೆ ಒಂದು ಸಲ ನಿಮ್ಮ ಡಾಬ್‌ನಲ್ಲಿ ನೋಡಬೇಕು. ಗಂಗಾವತಿಗೆ ಬಂದರೆ ತೋರಿಸ್ತೀರಾ?

ಗಂಗಾವತಿ ಲೆಕ್ಕಿಗ

ಬಾರಪ್ಪಾ, ಎರಡೂ ಒಟ್ಟಿಗೇ ಕಾಣುತ್ತವೆ. ಆದರೆ ಗಂಗಾವತಿಗೆ ಬೇಡ, ಕುಷ್ಟಗಿಗೆ ಬಾ.

ನಿನ್ನೆ ಅಮಾವಾಸ್ಯೆಗೆ ಮತ್ತೆ ಹೋಗಿದ್ದೆ. ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಬಳೆ. ಕಳೆದ ಬಳೆಗೆ ಜಾತ್ರೆಯಲ್ಲಿ ಎರಡು ಡಜನ್ ಕೊಡಿಸಬೇಕಾಯಿತು. ಅಂಗಡಿಯಲ್ಲಿ ನಾನು ಜೇಬಿನಿಂದ ಸ್ಕೇಲ್ ತೆಗೆದು ಒಂದೊಂದನ್ನೇ ಅಡ್ಡ ಅಳೆಯುತ್ತಿದ್ದರೆ, ಬಳೆಯಮ್ಮ ನನ್ನ ಹೆಂಡತಿಯ ಮುಖ ನೋಡಿ "ಇವರು ಹಿಂಗ ಏನು ಯಾವಾಗ್ಲೂ?" ಅಂತ ಕೇಳಿದಳು. ಎರಡು-ಆರು ಅಳತೆಯ ಒಂದು ಥರದ ಬಳೆ ಹೊರ ಅಂಚಿಗೆ ಸರಿಯಾಗಿ 65 ಬಂತು. ಅದನ್ನೇ ತಗೊಂಡೆವು. ಬಣ್ಣ ಹೆಂಡತಿಗೆ ಹಿಡಿಸಿಲ್ಲ.

ಎಂಟೂವರೆಗೆ ಎಲ್ಲ ದೀಪ ಆರಿಸಿ ಅರ್ಧ ಗಂಟೆ ಸುಮ್ನೆ ಕೂತೆ. ಮಾವ "ದೇವರ ಧ್ಯಾನ ಏನು?" ಅಂದರು. ಗಡಿಯಾರದ ಲೆಕ್ಕ ಮೂರು ಸಲ ಹಾಕಿದೆ. 4 ನಿಮಿಷ 16, 4 ನಿಮಿಷ 20, 4 ನಿಮಿಷ 18. ಸರಾಸರಿ 4.3 ನಿಮಿಷ, 15ರಿಂದ ಗುಣಿಸಿದರೆ 64.5. ತಾಳೆ ಆಯಿತು. ನನಗೆ ನೀಹಾರಿಕೆಗಿಂತ ಇದೇ ಜಾಸ್ತಿ ಖುಷಿ ಕೊಟ್ಟಿತು ಅಂದರೆ ಬೈಯಬೇಡಿ.

ಆಮೇಲೆ ಚುಕ್ಕಿ. ಹನ್ನೊಂದು ಇಟ್ಟೆ. ಟ್ರೆಪೀಜಿಯಂಗೆ ಪೆನ್ಸಿಲ್ ಎಷ್ಟು ಚೂಪು ಮಾಡಿದರೂ ನಾಲ್ಕು ಚುಕ್ಕಿ ಸೇರಿ ಒಂದೇ ಮಚ್ಚೆ ಆಗುತ್ತದೆ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಬಳೆ ಸುತ್ತು ಹಾಕಿ 10 ಮಿಲಿಮೀಟರ್ ಐಪೀಸಿನಲ್ಲಿ ನಡುಭಾಗ ಮಾತ್ರ ಬಿಡಿಸಿದೆ. ಅಲ್ಲಿ ನೋಟ 26 ಆರ್ಕ್ ಮಿನಿಟ್, ಹಾಗಾಗಿ ಟ್ರೆಪೀಜಿಯಂ 0.8 ಮಿಲಿಮೀಟರ್ ಬರುತ್ತದೆ. ಉಸಿರು ಬಿಗಿ ಹಿಡಿದು ನಾಲ್ಕು ಚುಕ್ಕಿ ಇಟ್ಟೆ. ಮೂರು ಬೇರೆ ಬೇರೆ ನಿಂತವು. ನಾಲ್ಕನೆಯದು ಪಕ್ಕದ್ದಕ್ಕೆ ಅಂಟಿಕೊಂಡಿತು. ಹಾಗೇ ಬಿಟ್ಟಿದ್ದೇನೆ.

ಹೂಬತ್ತಿ ಅತ್ತೆಯವರ ದೇವರ ಮನೆಯಿಂದ. ಮೊದಲ ಸಲ ರದ್ದಿ ಕಾಗದಕ್ಕೆ ಒರೆಸುವುದು ಮರೆತು ನೇರ ಹಾಳೆಗೆ ತಾಗಿಸಿದೆ, ಬಲಗಡೆ ಒಂದು ಕಪ್ಪು ಕಲೆ ಕೂತಿದೆ. ಅದು ನೀಹಾರಿಕೆಯದ್ದಲ್ಲ ಅಂತ ಪಕ್ಕದಲ್ಲಿ ಬರೆದಿದ್ದೇನೆ. ಮೀನಿನ ಬಾಯಿ ಓರೆನೋಟದಲ್ಲಿ ಚೆನ್ನಾಗಿ ಕಂಡಿತು, ನೆಟ್ಟಗೆ ನೋಡಿದರೆ ಅಷ್ಟಿಲ್ಲ. ಕೆಳಗಿನ ಅಂಚು ಎಲ್ಲಿ ಮುಗಿಯಿತು ಅಂತ ನಿಜವಾಗಿಯೂ ಗೊತ್ತಾಗಲಿಲ್ಲ, ಹಾಳೆಯಲ್ಲೂ ಗೊತ್ತಾಗುವುದಿಲ್ಲ. ಎಂ43 ಹಾಕಿದ್ದೇನೆ. ಉತ್ತರದ ಬಾಣದ ಕಡೆಗೇ ಇದೆ, ಪರೀಕ್ಷಿಸಿ.

ಹಳೆ ಹಾಳೆಯನ್ನೂ ಹರಿದಿಲ್ಲ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಖಾತೆಯ ಒಂದು ಅಂಕಿಗೂ ನಾನು ರಬ್ಬರ್ ಮುಟ್ಟಿಸಿದವನಲ್ಲ. ತಪ್ಪಾದರೆ ಒಂದು ಗೆರೆ ಎಳೆದು, ಮೇಲೆ ಸರಿ ಅಂಕಿ ಬರೆದು, ಪಕ್ಕದಲ್ಲಿ ಸಹಿ. ಇಲ್ಲಿ ಅದೇನು ಬುದ್ಧಿಯೋ, ಇದ್ದ ಸರಕನ್ನು ಅಳಿಸಿಬಿಟ್ಟಿದ್ದೆ. ಆ ಗುರುತಿನ ಪಕ್ಕ "ಎಂ43, ತಪ್ಪಾಗಿ ಅಳಿಸಲಾಗಿದೆ" ಅಂತ ಬರೆದು, ತಾರೀಖು ಹಾಕಿ, ಸಹಿ ಮಾಡಿದ್ದೇನೆ.

ಎರಡೂ ಚಿತ್ರದ ಫೋಟೋ ಕೆಳಗಿದೆ. ಬೆಳಗ್ಗೆ ಚಹಾ ಕುಡಿಯುತ್ತಾ ಮಾವನಿಗೆ ತೋರಿಸಿದೆ. ಎರಡೂ ಹಾಳೆ ಕೈಯಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, ಹೊಸದನ್ನು ತೋರಿಸಿ ಅಂದರು: "ಈ ಸಲ ಅರಳಿ ಕಡಿಮಿ ಐತಲ್ಲ. ಯಾರು ಒಯ್ದರು?"